ಮದ್ದಿಲ್ಲದ ಬಾಣ

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮಗುವಿಗೆ ಜ್ವರ ಬಂದಾಗ ಅರೆದು ಕುಡಿಸುವುದೂ ಮದ್ದು, ಫಿರಂಗಿಯಲ್ಲಿ ತುಂಬಿ ಸಿಡಿಸುವುದೂ ಮದ್ದೇ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ನಮ್ಮ ಹಿರಿಯರು ಒಂದೇ ಹೆಸರಿಟ್ಟದ್ದು ಯಾಕೋ, ಬಲ್ಲವರು ಹೇಳಬೇಕು. ನನಗೆ ತೋಚುವುದಿಷ್ಟು: ಎರಡನ್ನೂ ಅಳತೆ ತಪ್ಪದೆ ಬೆರೆಸಬೇಕು, ಎರಡನ್ನೂ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಮನೆಯಲ್ಲಿ ಈ ಎರಡನೆಯ ಕೆಲಸ ಯಾವತ್ತೂ ಹೆಂಗಸರದೇ.

ದೀಪಾವಳಿ ಹತ್ತಿರವಾದಂತೆ ನಮ್ಮ ಸಿರುಗುಪ್ಪದ ಕಡೆಯ ಮನೆಗಳಲ್ಲಿ ಪಟಾಕಿ ಹಂಚುವ ಪದ್ಧತಿಯನ್ನು ಗಮನಿಸಿ. ಗಂಡು ಹುಡುಗರ ಪಾಲಿಗೆ ರಾಕೆಟ್ಟು, ಲಕ್ಷ್ಮೀ ಪಟಾಕಿ. ಹೆಣ್ಣು ಮಕ್ಕಳ ಪಾಲಿಗೆ ಸುರುಸುರುಬತ್ತಿ, ಬಹಳವಾದರೆ ಒಂದು ಹೂಕುಂಡ. “ಯವ್ವಾ, ನಾನೂ ರಾಕೆಟ್ ಹಚ್ಚಲೇನು?” ಎಂದು ಹುಡುಗಿ ಕೇಳಿದರೆ “ಬ್ಯಾಡವ್ವಾ, ಕೈ ಸುಟ್ಟುಕೊಂಡೀಯ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆ ಉತ್ತರದಲ್ಲಿ ತಪ್ಪಿಲ್ಲ. ಕೈ ಸುಡುವುದು ಸುಳ್ಳಲ್ಲ. ಪ್ರತಿ ವರ್ಷ ಹಬ್ಬ ಮುಗಿದ ಮರುದಿನ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮಕ್ಕಳ ಸುದ್ದಿಯನ್ನು ನಾವೆಲ್ಲ ಓದುತ್ತೇವೆ. ಆದರೆ ಹುಡುಗಿಯ ಪ್ರಶ್ನೆಯಲ್ಲಿ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಅದು ಹೇಗೆ ಮೇಲೆ ಹೋಗುತ್ತದೆ? ಯಾಕೆ ನೆಟ್ಟಗೆ ಹೋಗುತ್ತದೆ? ಈ ಎರಡನೆಯ ಪ್ರಶ್ನೆಗೂ ‘ಬ್ಯಾಡ’ ಎಂದೇ ಉತ್ತರ ಕೊಟ್ಟರೆ, ಕೈಯೇನೋ ಉಳಿಯುತ್ತದೆ, ತಲೆ ತಣ್ಣಗಾಗುತ್ತದೆ. ಕೈಯನ್ನೂ ಉಳಿಸಿ ತಲೆಯನ್ನೂ ಬೆಳಗಿಸುವ ದಾರಿ ಇಲ್ಲವೇ ಎಂದು ಹುಡುಕುತ್ತ ಹೊರಟರೆ, ದಾರಿ ನಮ್ಮ ಹೊಳೆಯ ದಂಡೆಯಿಂದಲೇ ಶುರುವಾಗುತ್ತದೆ.

ಸಿರುಗುಪ್ಪದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ ಹಂಪಿಯನ್ನು ದಾಟಿಯೇ ನಮ್ಮಲ್ಲಿಗೆ ಬರುವವಳು. ಆ ಹಂಪಿಯ ಮಹಾನವಮಿ ದಿಬ್ಬದ ಮುಂದೆ ಐದಾರು ನೂರು ವರ್ಷಗಳ ಹಿಂದೆ ಬಾಣಬಿರುಸಿನ ಆಟ ನಡೆಯುತ್ತಿತ್ತು. ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ಬಂದಿದ್ದ ಪಾರಸಿಕ ದೂತ ಅಬ್ದುಲ್ ರಜಾಕ್ ಮಹಾನವಮಿಯ ವೈಭವವನ್ನು ವರ್ಣಿಸುತ್ತ ಅಲ್ಲಿಯ ಮದ್ದಿನ ಆಟಗಳ ಬಗೆಗಳನ್ನೆಲ್ಲ ಹೇಳಹೊರಟರೆ ಮುಗಿಯುವುದಿಲ್ಲವೆಂದು ಕೈಬಿಟ್ಟಿದ್ದಾನೆ. 16ನೇ ಶತಮಾನದ ಆರಂಭದಲ್ಲಿ ಬಂದ ಇಟಲಿಯ ಪ್ರವಾಸಿ ವರ್ತೇಮಾ, ಈ ನಾಡಿನ ಜನ ಬಾಣಬಿರುಸು ಮಾಡುವುದರಲ್ಲಿ ಬಲು ನಿಪುಣರೆಂದೂ, ಬೆಂಕಿ ಕಂಡರೆ ಯುದ್ಧದ ಆನೆಗಳು ಹೆದರಿ ಓಡುತ್ತವೆಯೆಂದೂ ಬರೆದ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ರಾತ್ರಿ ಹೊತ್ತು ಆಕಾಶಬಾಣಗಳನ್ನು ಬಿಡುತ್ತಿದ್ದುದನ್ನೂ, ತಮ್ಮೊಳಗಿಂದಲೇ ಬಾಣಗಳನ್ನು ಉಗುಳುತ್ತ ಉರಿಯುವ ಆಟದ ಕೋಟೆಗಳನ್ನೂ ಕಂಡು ಬರೆದಿಟ್ಟ.

ಈ ಮೂವರೂ ಹೊರಗಿನವರು, ನೋಡಿ ಬೆರಗಾದವರು. ಮಾಡುವ ಬಗೆ ಹೇಳುವ ಬರಹವೂ ಇದೆ. ಒರಿಸ್ಸಾದ ಗಜಪತಿ ಪ್ರತಾಪರುದ್ರದೇವನ ಹೆಸರಿನಲ್ಲಿರುವ ‘ಕೌತುಕಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥದಲ್ಲಿ ಕಲ್ಪವೃಕ್ಷ ಬಾಣ, ಚಾಮರ ಬಾಣ, ಚಂದ್ರಜ್ಯೋತಿ, ಪುಷ್ಪವರ್ತಿ ಎಂಬ ಹೆಸರಿನ ಬಿರುಸುಗಳ ವಿವರವಿದೆ. ಈ ಪ್ರತಾಪರುದ್ರನ ಮಗಳೇ ಕೃಷ್ಣದೇವರಾಯನ ಕೈಹಿಡಿದು ವಿಜಯನಗರಕ್ಕೆ ಸೊಸೆಯಾಗಿ ಬಂದವಳು. ಇಂಥ ಉಲ್ಲೇಖಗಳನ್ನೆಲ್ಲ ಹುಡುಕಿ ಒಟ್ಟು ಮಾಡಿದವರು ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸ ಪಿ.ಕೆ. ಗೋಡೆ. 1400ರಿಂದ 1900ರವರೆಗಿನ ಭಾರತದ ಬಾಣಬಿರುಸಿನ ಚರಿತ್ರೆಯನ್ನು ಹೇಳುವ ಅವರ ಚಿಕ್ಕ ಪುಸ್ತಕ 1953ರಲ್ಲಿ ಬೆಂಗಳೂರಿನಲ್ಲೇ ಅಚ್ಚಾಯಿತು. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರು ಸೇರಿದರೆ ಮದ್ದು. ಅದನ್ನು ಬಿದಿರಿನ ಇಲ್ಲವೆ ಕಾಗದದ ಕೊಳವೆಯಲ್ಲಿ ತುಂಬಿದರೆ ಬಾಣ. ಹಬ್ಬದ ಬಾಣಕ್ಕೆ ಇಷ್ಟು ಸಾಕು.

ಯುದ್ಧದ ಬಾಣಕ್ಕೆ ಇಷ್ಟು ಸಾಲದು. ಬಿದಿರಿನಲ್ಲಾಗಲಿ ಕಾಗದದಲ್ಲಾಗಲಿ ಮದ್ದನ್ನು ಒತ್ತಿ ಒತ್ತಿ ತುಂಬಿದರೆ ಒಳಗಿನ ಹೊಗೆಯ ಒತ್ತಡಕ್ಕೆ ಕೊಳವೆಯೇ ಸೀಳಿಹೋಗುತ್ತದೆ. ಮೈಸೂರಿನ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಕಮ್ಮಾರರು ಇಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಅವರು ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದರು. ಕಬ್ಬಿಣದ ಕೊಳವೆ ಹೆಚ್ಚು ಒತ್ತಡವನ್ನು ತಡೆಯುತ್ತದೆ; ಒತ್ತಡ ಹೆಚ್ಚಿದಷ್ಟೂ ಹಿಂದಿನ ತೂತಿನಿಂದ ಹೊಗೆ ರಭಸದಿಂದ ನುಗ್ಗುತ್ತದೆ; ಹೊಗೆ ಹಿಂದಕ್ಕೆ ನುಗ್ಗಿದಷ್ಟೂ ಬಾಣ ಮುಂದಕ್ಕೆ ಜಿಗಿಯುತ್ತದೆ. ಊದಿದ ಬಲೂನಿನ ಬಾಯಿ ಬಿಟ್ಟಾಗ ಅದು ಮನೆ ತುಂಬ ಹಾರುವುದೂ ಇದೇ ನಿಯಮದಿಂದ. ಲಂಡನ್ನಿನ ವುಲ್ವಿಚ್ ಸಂಗ್ರಹದಲ್ಲಿ ಉಳಿದ ಮೈಸೂರಿನ ಬಾಣಗಳನ್ನು ನಮ್ಮ ವಿಜ್ಞಾನಿ ರೊದ್ದಂ ನರಸಿಂಹ ಅವರು ಅಭ್ಯಾಸ ಮಾಡಿ 1985ರಲ್ಲಿ ಪ್ರಬಂಧ ಬರೆದರು. ಅಲ್ಲಿಯ ಒಂದು ಬಾಣದ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ. ಅದನ್ನು ಚರ್ಮದ ಪಟ್ಟಿಯಿಂದ ಒಂದು ಕತ್ತಿಗೆ ಕಟ್ಟಿದ್ದಾರೆ. ಇನ್ನೊಂದು ಬಾಣದ ಕೊಳವೆ 37 ಮಿಲಿಮೀಟರ್ ದಪ್ಪದ್ದು. ಅದಕ್ಕೆ ಕಟ್ಟಿರುವ ಬಿದಿರು ಗಳು ಸುಮಾರು 1.9 ಮೀಟರ್, ಆಳುದ್ದಕ್ಕಿಂತ ಹೆಚ್ಚು.

ಒಂದು ಗೇಣಿನಷ್ಟು ಕೊಳವೆಗೆ ಆಳುದ್ದದ ಗಳು ಯಾಕೆ ಎಂದು ಕೇಳಬೇಕು. ಗಾಳಿಪಟಕ್ಕೆ ಬಾಲ ಕಟ್ಟುವುದು ಯಾಕೆ, ಬೇಡರ ಬಾಣದ ಹಿಂದೆ ಗರಿ ಸಿಕ್ಕಿಸುವುದು ಯಾಕೆ, ಅದಕ್ಕೇ ಇದೂ. ತಲೆಯ ಕಡೆ ಭಾರ, ಬಾಲದ ಕಡೆ ಗಾಳಿಯ ಹಿಡಿತ. ಹೀಗಿದ್ದರೆ ಬಾಣ ತಲೆ ಮುಂದಾಗಿ ನೆಟ್ಟಗೆ ಹೋಗುತ್ತದೆ. ಗಳು ಇಲ್ಲದ ಕೊಳವೆ ನಾಲ್ಕು ಮಾರು ಹೋಗುವಷ್ಟರಲ್ಲಿ ಪಲ್ಟಿ ಹೊಡೆದು ಹಚ್ಚಿದವನ ಮೇಲೇ ಬೀಳಬಹುದು. ದೀಪಾವಳಿ ರಾಕೆಟ್ಟಿನ ಕಡ್ಡಿ ಆ ಗಳುವಿನ ಮೊಮ್ಮಗುವೇ.

ನಮ್ಮ ಸೀಮೆಗೂ ಆ ಬಾಣದವರಿಗೂ ಸಂಬಂಧವಿಲ್ಲದಿಲ್ಲ. ಆದೋನಿಯ ಬಸಾಲತ್ ಜಂಗನ ಕಡೆಯವರು ಬಳ್ಳಾರಿಗೆ ಮುತ್ತಿಗೆ ಹಾಕಿದಾಗ ಇಲ್ಲಿಯ ಪಾಳೆಯಗಾರ ಹೈದರನ ನೆರವು ಕೇಳಿದ. ಹೈದರ ಬಂದು ಮುತ್ತಿಗೆ ಮುರಿದು ಕೋಟೆಯನ್ನು ತಾನೇ ಇಟ್ಟುಕೊಂಡ. 1786ರಲ್ಲಿ ಟಿಪ್ಪು ಆದೋನಿಯ ಮೇಲೇ ಹೋದ. ಆ ಕೋಟೆಯೊಳಗೆ ನಿಜಾಮನ ಬಂಧುಗಳ ಮನೆಯ ಹೆಂಗಸರು ಸಿಕ್ಕಿಬಿದ್ದಿದ್ದರು. ಅವರನ್ನು ಪಾರುಮಾಡಲು ನಿಜಾಮನೂ ಮರಾಠರೂ ಸೈನ್ಯ ಕಳಿಸಬೇಕಾಯಿತು. ಅವರು ಹೊಳೆ ದಾಟಿ ಹೋದ ಮೇಲೆ ಆದೋನಿ ಟಿಪ್ಪುವಿನ ವಶವಾಯಿತು. ಮುಂದೆ ಅವನ ದಂಡು ಮಳೆಗಾಲದ ತುಂಬು ತುಂಗಭದ್ರೆಯನ್ನು ತೆಪ್ಪ, ಹರಗೋಲುಗಳಲ್ಲಿ ದಾಟಿ ಆಚೆ ದಂಡೆಯ ಶತ್ರುಗಳನ್ನು ದಂಗುಬಡಿಸಿತು. ಟಿಪ್ಪುವಿನ ಸೈನ್ಯದ ‘ಕುಶೂನ್’ಗಳಲ್ಲಿ ಬಾಣ ಹಾರಿಸುವವರಿಗೆಂದೇ ತಂಡಗಳಿರುತ್ತಿದ್ದವು. 1792ರ ಒಪ್ಪಂದದಲ್ಲಿ ನಮ್ಮ ಸೀಮೆ ನಿಜಾಮನಿಗೆ ಹೋಯಿತು. 1800ರಲ್ಲಿ ನಿಜಾಮ ಅದನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಹಾಗೆ.

ಆ ಬಾಣಗಳ ಬಿಸಿ ಇಂಗ್ಲಿಷರಿಗೆ ಚೆನ್ನಾಗಿ ತಟ್ಟಿತ್ತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಅವರ ಮದ್ದಿನ ಬಂಡಿಗಳು ಸಿಡಿದು ಸೋಲಾಯಿತು. ಬಾಣ ತಗಲಿಯೇ ಸಿಡಿದವೆಂದು ಹೇಳಿಕೆ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನಪೇಟೆಯ ತೋಪಿನಲ್ಲಿ, ಮುಂದೆ ವೆಲಿಂಗ್ಟನ್ ಎಂದು ಹೆಸರಾದ ವೆಲ್ಲೆಸ್ಲಿಯೇ ಕತ್ತಲಲ್ಲಿ ಬಾಣಗಳ ಮತ್ತು ಗುಂಡುಗಳ ಹೊಡೆತಕ್ಕೆ ಹಿಂದೆ ಸರಿಯಬೇಕಾಯಿತು. ಆದರೆ ಮದ್ದು ಯಾರ ನಂಟನೂ ಅಲ್ಲ. ಮೇ 2ರಂದು ಹೊರಗಿನಿಂದ ಬಂದ ಗುಂಡು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೇ ತಗಲಿ ಭಾರಿ ಸ್ಫೋಟವಾಯಿತು. ಎರಡು ದಿನದ ನಂತರ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಸಿಕ್ಕ ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಎಂಬಾತ 1804ರ ಸುಮಾರಿಗೆ ವುಲ್ವಿಚ್‌ನಲ್ಲಿ ಅಂಥವನ್ನೇ ದೊಡ್ಡದಾಗಿ ಮಾಡತೊಡಗಿದ. 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ ಆ ಬಾಣಗಳ ಮಳೆಗೆ ಹೊತ್ತಿ ಉರಿಯಿತು.

ಇದೆಲ್ಲ ಬರಿಯ ಪುಸ್ತಕದ ಮಾತಲ್ಲ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಪಾಳುಬಾವಿಯ ಹೂಳನ್ನು ಪುರಾತತ್ವ ಇಲಾಖೆಯವರು ತೆಗೆಸಿದಾಗ ಕಬ್ಬಿಣದ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಸಿಕ್ಕವು. ಎರಡು ಶತಮಾನ ಕಳೆದಿದ್ದರೂ ಆ ಬಾವಿಯ ಕೆಸರಿಗೆ ಮದ್ದಿನ ವಾಸನೆ ಇತ್ತಂತೆ. ಅಬ್ದುಲ್ ಕಲಾಂ ಅವರು 1963ರಲ್ಲಿ ತರಬೇತಿಗೆಂದು ಅಮೆರಿಕದ ವಾಲಪ್ಸ್ ನೆಲೆಗೆ ಹೋದಾಗ, ಅಲ್ಲಿಯ ಗೋಡೆಯ ಚಿತ್ರವೊಂದರಲ್ಲಿ ಟಿಪ್ಪುವಿನ ಬಾಣದವರು ಇಂಗ್ಲಿಷರೊಡನೆ ಕಾದುತ್ತಿರುವುದನ್ನು ಕಂಡರು. ನಾವು ಮರೆತದ್ದನ್ನು ಪರದೇಶದವರು ಗೋಡೆಗೆ ಹಾಕಿಕೊಂಡಿದ್ದರು.

ಇನ್ನು ಯುದ್ಧದ ಬಾಣ ಮಕ್ಕಳ ಹವ್ಯಾಸವಾದ ಕಥೆಗೆ ಬರೋಣ. ಇದು ತಾಯಂದಿರು ತಿಳಿಯಬೇಕಾದ ಕಥೆ. 1957ರ ಅಕ್ಟೋಬರ್ 4ರಂದು ರಷ್ಯಾದವರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದರು. ಅಮೆರಿಕದ ಹುಡುಗರಿಗೆಲ್ಲ ರಾಕೆಟ್ಟಿನ ಹುಚ್ಚು ಹಿಡಿಯಿತು. ಬೆಂಕಿಕಡ್ಡಿಯ ತಲೆಗಳನ್ನು ಕೆರೆದು, ಸತುವಿನ ಪುಡಿಗೆ ಗಂಧಕ ಬೆರೆಸಿ, ಕಬ್ಬಿಣದ ಪೈಪುಗಳಲ್ಲಿ ತುಂಬಿ ಹಚ್ಚತೊಡಗಿದರು. ಕುಕ್ಕರಿನ ಆವಿ ಹೋಗುವ ದಾರಿ ಕಟ್ಟಿಕೊಂಡರೆ ಏನಾಗುತ್ತದೆಂದು ನಮಗೆ ಗೊತ್ತಲ್ಲ, ಹಾಗೆಯೇ ಆಯಿತು. ಎಷ್ಟೋ ಮಕ್ಕಳ ಬೆರಳು ಹೋದವು, ಕಣ್ಣು ಹೋದವು, ಕೆಲವರ ಜೀವವೇ ಹೋಯಿತು. ಟಿಪ್ಪುವಿನ ಕಮ್ಮಾರರಿಗೆ ವರವಾಗಿದ್ದ ಕಬ್ಬಿಣ ಮಕ್ಕಳ ಕೈಯಲ್ಲಿ ಬಾಂಬಾಯಿತು.

ಅಲ್ಲಿಯೂ ದೊಡ್ಡವರು ಎರಡು ಪಂಗಡವಾದರು. ಪೂರ್ತಿ ನಿಷೇಧಿಸಿ ಎಂದವರು ಕೆಲವರು. ಮಕ್ಕಳ ಆಸೆಗೆ ಅಪಾಯವಿಲ್ಲದ ದಾರಿ ತೋರಿಸಿ ಎಂದವರು ಕೆಲವರು. ನೆಬ್ರಾಸ್ಕಾ ಪ್ರಾಂತದ ನಾರ್ಫೋಕ್ ಎಂಬ ಸಣ್ಣ ಊರಿನಲ್ಲಿ ಚಪ್ಪಲಿ ಬೂಟಿನ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಎಂಬಾತನಿಗೆ ಬಾಣಬಿರುಸಿನ ಖಯಾಲಿ, ಅವನ ಸಹೋದರನಿಗೆ ಮಾದರಿ ವಿಮಾನಗಳ ಖಯಾಲಿ. ಇಬ್ಬರ ಹುಚ್ಚೂ ಕೂಡಿ 1954ರಲ್ಲೇ ಕಾಗದದ ಕೊಳವೆ, ಹಗುರ ಮರದ ರೆಕ್ಕೆ, ಮತ್ತೆ ಮತ್ತೆ ಬದಲಿಸಬಹುದಾದ ಪುಟ್ಟ ಮದ್ದಿನ ಮೋಟಾರು, ಕೆಳಗಿಳಿಯುವುದಕ್ಕೆ ಪ್ಯಾರಾಚೂಟು ಇರುವ ಒಂದು ಮಾದರಿ ಸಿದ್ಧವಾಗಿತ್ತು. ರಾಕೆಟ್ ನೆಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಓದಿ ಕಾರ್ಲೈಲ್ ತನ್ನ ಮಾದರಿಯನ್ನು ಅವನಿಗೆ ಕಳಿಸಿದ. ಮಕ್ಕಳನ್ನು ಉಳಿಸುವ ಉಪಾಯ ಕೈಯಲ್ಲೇ ಇದೆಯೆಂದು ಸ್ಟೈನ್‌ಗೆ ಹೊಳೆಯಿತು. ಅವನು ಹವ್ಯಾಸಿಗಳ ಸಂಘ ಕಟ್ಟಿದ, ಸುರಕ್ಷತೆಯ ನಿಯಮ ಬರೆದ.

ಆ ನಿಯಮಗಳನ್ನು ನೋಡಿದರೆ ಮನೆ ನಡೆಸುವ ಹೆಂಗಸೇ ಬರೆದಂತಿವೆ. ಮದ್ದನ್ನು ಮನೆಯಲ್ಲಿ ಬೆರೆಸಕೂಡದು. ಮೋಟಾರು ಕಾರ್ಖಾನೆಯಿಂದಲೇ ಬರಬೇಕು. ಮೈ ಕಾಗದ, ರಟ್ಟು, ಹಗುರ ಮರ, ಪ್ಲಾಸ್ಟಿಕ್ಕಿನದಾಗಿರಬೇಕು, ಲೋಹ ಸಲ್ಲದು. ಬೆಂಕಿಕಡ್ಡಿ ಗೀರಿ ಹಚ್ಚಬಾರದು. ದೂರ ನಿಂತು ವಿದ್ಯುತ್ ತಂತಿಯಿಂದ ಹೊತ್ತಿಸಬೇಕು. ಎಲ್ಲರಿಗೂ ಕೇಳುವಂತೆ ಹಿಂದುಮುಂದಾಗಿ ಎಣಿಸಿ ಬಿಡಬೇಕು. ಈ ಹಿಂದುಮುಂದಿನ ಎಣಿಕೆ ಪ್ರಸಿದ್ಧಿಗೆ ಬಂದದ್ದು 1929ರ ಒಂದು ಜರ್ಮನ್ ಸಿನಿಮಾದಿಂದ. ಅದರ ಕಥೆ ಬರೆದವಳು ಥೇಯಾ ಫಾನ್ ಹಾರ್ಬೋ ಎಂಬ ಹೆಂಗಸು. ಮೋಟಾರು ಮಾಡುವ ಹೊಣೆ ಹೊತ್ತವನು ಡೆನ್ವರ್‌ನ ಪಟಾಕಿ ವ್ಯಾಪಾರಿಯ ಮಗ ವರ್ನ್ ಎಸ್ಟೆಸ್. ಅವನು ಕಟ್ಟಿದ ಯಂತ್ರ ಐದಾರು ಸೆಕೆಂಡಿಗೊಂದು ಮೋಟಾರನ್ನು ಉದುರಿಸುತ್ತಿತ್ತು. ಅದಕ್ಕೆ ‘ಮೇಬಲ್’ ಎಂದು ಹೆಣ್ಣು ಹೆಸರು. ಹೆಂಡತಿ ಗ್ಲೇಡಾಳ ಜೊತೆಗೂಡಿ ನಡೆಸಿದ ಆ ಕಂಪನಿಯ ಪೊಟ್ಟಣಗಳು ಅಂಚೆಯಲ್ಲಿ ಸಣ್ಣ ಊರುಗಳ ಮಕ್ಕಳಿಗೂ ತಲುಪಿದವು.

ಇದೇ ಕಾಲದ ಇನ್ನೊಂದು ಊರನ್ನು ನೆನೆಯದೆ ಮುಂದೆ ಹೋಗಲಾರೆ. ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಎಂಬುದು ಕಲ್ಲಿದ್ದಲು ಗಣಿಯ ಊರು. ನಮ್ಮ ಸಂಡೂರಿನ ಕಡೆ ಅದಿರು ಹೇಗೋ ಅಲ್ಲಿ ಕಲ್ಲಿದ್ದಲು ಹಾಗೆ. ಅಲ್ಲಿಯ ಹೋಮರ್ ಹಿಕಮ್ ಎಂಬ ಹುಡುಗನ ಮೊದಲ ರಾಕೆಟ್ಟು ಅವನ ತಾಯಿಯ ಗುಲಾಬಿ ತೋಟದ ಬೇಲಿಯನ್ನೇ ಹಾರಿಸಿಬಿಟ್ಟಿತು. ತಾಯಿ ಎಲ್ಸಿ ಆಟವನ್ನು ನಿಲ್ಲಿಸಲಿಲ್ಲ. ನಿನ್ನನ್ನು ನೀನೇ ಸಿಡಿಸಿಕೊಳ್ಳಬೇಡ ಎಂಬ ಒಂದೇ ಕರಾರು ಹಾಕಿದಳು. ಫ್ರೀಡಾ ರೈಲಿ ಎಂಬ ತರುಣ ಉಪಾಧ್ಯಾಯಿನಿ ಆ ಹುಡುಗರಿಗೆ ಪುಸ್ತಕ ಒದಗಿಸಿ, ಮೊದಲು ಗಣಿತ ಕಲಿಯಿರಿ ಎಂದು ಹುರಿದುಂಬಿಸಿದಳು. ಗಣಿಯ ವರ್ಕ್‌ಶಾಪಿನ ಕೆಲಸಗಾರರು ಬಿಡಿಭಾಗ ಕಡೆದುಕೊಟ್ಟರು. 1960ರಲ್ಲಿ ಆ ಹುಡುಗರು ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಪದಕ ಗೆದ್ದರು. ಹೋಮರ್ ಮುಂದೆ ನಾಸಾದಲ್ಲಿ ಎಂಜಿನಿಯರಾದ. ರೈಲಿ ಮಾತ್ರ ಕಾಯಿಲೆಯಿಂದ 1969ರಲ್ಲಿ, ಮೂವತ್ತೊಂದರ ಹರೆಯದಲ್ಲೇ, ತೀರಿಕೊಂಡಳು. ಆ ಹುಡುಗರು ಮಾಡಿದ್ದೆಲ್ಲ ಅನುಕರಿಸುವಂಥದಲ್ಲ. ಅವರು ಬೆರೆಸಿದ್ದು ಅಪಾಯದ ಮದ್ದನ್ನೇ. ಅನುಕರಿಸಬೇಕಾದದ್ದು ಆ ಇಬ್ಬರು ಹೆಂಗಸರನ್ನು.

ನಮ್ಮ ದೇಶದ ಕಥೆಯೂ ಸಣ್ಣದರಿಂದಲೇ ಶುರುವಾದದ್ದು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ಟು ಹಾರಿದಾಗ ಅದು ಅಮೆರಿಕದಿಂದ ತಂದದ್ದು. ಕಚೇರಿ ಒಂದು ಹಳೆಯ ಚರ್ಚು. ಬಿಡಿಭಾಗ ಸಾಗಿಸಲು ಸೈಕಲ್ಲು. ನಾವೇ ಮಾಡಿದ ಮೊದಲ ರೋಹಿಣಿ ರಾಕೆಟ್ಟು 1967ರ ನವೆಂಬರ್ 20ರಂದು ಹಾರಿತು. ಅದರ ದಪ್ಪ ಎಷ್ಟು ಗೊತ್ತೇ? ಬರೀ 75 ಮಿಲಿಮೀಟರ್. ವುಲ್ವಿಚ್ ಸಂಗ್ರಹದ ಮೈಸೂರು ಬಾಣಕ್ಕಿಂತ ಎರಡು ಬೆರಳಷ್ಟೂ ಹೆಚ್ಚಿಲ್ಲ. ಆಮೇಲೆ ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ರಷ್ಯಾದ ರಾಕೆಟ್ಟಿನ ಮೇಲೆ ಕೂತು ಆಕಾಶಕ್ಕೇರಿತು. 2019ರ ಜುಲೈ 22ರಂದು ಹೊರಟ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಅಭಿಯಾನ ನಿರ್ದೇಶಕಿ ರಿತು ಕರಿಧಾಲ್. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಮೆತ್ತಗೆ ಇಳಿದ ಚಂದ್ರಯಾನ-3ರ ಸಹಾಯಕ ಯೋಜನಾ ನಿರ್ದೇಶಕಿ ಕೆ. ಕಲ್ಪನಾ. ದೂರದ ಮಾತೇಕೆ, ನಮ್ಮ ಪಕ್ಕದ ಸೀಮೆಯ ಚಳ್ಳಕೆರೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು.

ಶಾಲೆಯ ಹುಡುಗಿಯರೂ ಹಿಂದೆ ಬಿದ್ದಿಲ್ಲ. ದೇಶದ 75 ಸರ್ಕಾರಿ ಶಾಲೆಗಳ 750 ಹುಡುಗಿಯರು ಸೇರಿ ಮಾಡಿದ ‘ಆಜಾದಿಸ್ಯಾಟ್’ ಎಂಬ ಪುಟ್ಟ ಉಪಗ್ರಹ 2022ರ ಆಗಸ್ಟ್ 7ರಂದು ಶ್ರೀಹರಿಕೋಟೆಯಿಂದ ಹೊರಟಿತು. ರಾಕೆಟ್ಟು ಅದನ್ನು ತಲುಪಿಸಬೇಕಾದ ಕಕ್ಷೆಗೆ ತಲುಪಿಸಲಿಲ್ಲ, ಉಪಗ್ರಹ ಕೈತಪ್ಪಿತು. ಎರಡನೆಯದನ್ನು ಸಿದ್ಧ ಮಾಡಿದರು. 2023ರ ಫೆಬ್ರವರಿ 10ರಂದು ಅದು ಸರಿಯಾದ ಕಕ್ಷೆ ಸೇರಿತು. ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಇಸ್ರೋ 2019ರಲ್ಲಿ ‘ಯುವಿಕಾ’ ಎಂಬ ಶಿಬಿರವನ್ನೂ ಶುರುಮಾಡಿತು. ಹಳ್ಳಿಯ ಶಾಲೆಯ ಮಕ್ಕಳಿಗೆ ಅಲ್ಲಿ ಆದ್ಯತೆಯಿದೆ.

ಹಾಗಾದರೆ ಸಿರುಗುಪ್ಪದಂಥ ಊರಿನ ಮನೆಯಲ್ಲಿ ಶುರುಮಾಡುವುದು ಹೇಗೆ? ಮೊದಲು ಏನು ಮಾಡಬಾರದು ಎಂಬುದನ್ನು ತಿಳಿಯಬೇಕು. ಪಟಾಕಿ ಬಿಚ್ಚಿ ಮದ್ದು ಕೂಡಿಹಾಕುವ ಹುಡುಗರು ಎಲ್ಲ ಓಣಿಗಳಲ್ಲೂ ಇದ್ದಾರೆ. ಅದನ್ನು ಕಂಡಲ್ಲೇ ನಿಲ್ಲಿಸಬೇಕು. ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕ ವಸ್ತುಗಳ ಕಾಯಿದೆಯ ಪ್ರಕಾರ ಅಪರಾಧವೂ ಹೌದು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆ ಉರಿದಾಗ ಸತ್ತವರಲ್ಲಿ ಹಲವರು ಹಬ್ಬದ ಸಮಯದ ಕೂಲಿಗೆಂದು ತಮಿಳುನಾಡಿನಿಂದ ಬಂದ ಎಳೆಯ ಹುಡುಗರು. ಕಾರ್ಖಾನೆಯ ಮೋಟಾರಿರುವ ಮಾದರಿ ರಾಕೆಟ್ಟು ಕಾಲೇಜು, ಸಂಸ್ಥೆಗಳ ಆಶ್ರಯದಲ್ಲಿ ಅನುಮತಿ ಪಡೆದು ಮಾಡುವಂಥದು. ಅದು ಮುಂದಿನ ಮೆಟ್ಟಿಲು. ನಮ್ಮ ಕಡೆ ಇನ್ನೊಂದು ಕಾರಣವೂ ಉಂಟು. ಇದು ಭತ್ತದ ಸೀಮೆ. ಕೊಯ್ಲಾದ ಮೇಲೆ ಎಲ್ಲಿ ನೋಡಿದರಲ್ಲಿ ಹುಲ್ಲಿನ ಬಣವೆಗಳು. ಒಂದು ಕಿಡಿ ಸಾಕು, ದನಗಳ ವರ್ಷದ ಮೇವು ಬೂದಿ.

ಮೊದಲ ಮೆಟ್ಟಿಲಿಗೆ ಮದ್ದು ಬೇಡ, ನೀರು ಸಾಕು. ಸೋಡಾ, ಕೂಲ್‌ಡ್ರಿಂಕ್ ಬರುವ ಒಂದೂಕಾಲು ಇಲ್ಲವೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಕುಡಿಯುವ ನೀರಿನ ಬಾಟಲಿ ತೆಳು, ಅದು ಬೇಡ; ಗಾಜು, ಲೋಹ ಮುಟ್ಟಲೇಬೇಡಿ. ಬಾಟಲಿಯ ಬಾಯಿಗೆ ಬಿಗಿಯಾಗಿ ಕೂಡುವ ರಬ್ಬರ್ ಬಿರಡೆಗೆ, ಕಾಲ್ಚೆಂಡಿಗೆ ಗಾಳಿ ತುಂಬುವ ಸೂಜಿಯನ್ನು ಆರುಪಾರು ಚುಚ್ಚಿ, ಅದಕ್ಕೆ ಉದ್ದನೆಯ ಕೊಳವೆಯಿಂದ ಸೈಕಲ್ ಪಂಪು ಜೋಡಿಸಿ. ಬಾಟಲಿಯಲ್ಲಿ ಕಾಲುಭಾಗದಿಂದ ಮೂರರಲ್ಲೊಂದು ಪಾಲಿನವರೆಗೆ ನೀರು ಹಾಕಿ, ಬಿರಡೆ ಒತ್ತಿ, ಬಾಯಿ ಕೆಳಗೆ ಮಾಡಿ ಕಟ್ಟಿಗೆಯ ಗೂಡಿನ ಮೇಲೆ ನಿಲ್ಲಿಸಿ. ಹತ್ತು ಹೆಜ್ಜೆ ದೂರದಿಂದ ಗಾಳಿ ಹೊಡೆಯಿರಿ. ಒಳಗಿನ ಒತ್ತಡ ಬಿರಡೆಯ ಬಿಗಿಯನ್ನು ಮೀರಿದ ಗಳಿಗೆಯಲ್ಲಿ ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮನೆಯ ಮಾಳಿಗೆಗಿಂತ ಎತ್ತರ ಹಾರುತ್ತದೆ. ಅದು ಯಾವ ಗಳಿಗೆ ಎಂದು ಮೊದಲೇ ತಿಳಿಯದು. ಆದ್ದರಿಂದ ಯಾರೂ ಅದರ ಮೇಲೆ ಬಗ್ಗಿ ನೋಡಕೂಡದು. ಹಾರದೆ ನಿಂತರೂ ಹತ್ತಿರ ಹೋಗದೆ, ಮೊದಲು ಪಂಪಿನ ಕಡೆಯಿಂದಲೇ ಗಾಳಿ ಬಿಡಬೇಕು. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ಕರೆಂಟಿನ ತಂತಿ, ಕಾಲುವೆ, ಬಾವಿ, ರಸ್ತೆ ಇಲ್ಲದ ಬಯಲನ್ನೇ ಆರಿಸಿಕೊಳ್ಳಿ.

ನಿಜವಾದ ಕಲಿಕೆ ಇರುವುದು ಆಮೇಲೆ. ನೀರಿಲ್ಲದೆ ಬರೀ ಗಾಳಿ ತುಂಬಿದರೆ ಬಾಟಲಿ ತುಸುವೇ ನೆಗೆದು ಬೀಳುತ್ತದೆ. ಹೊರಹೋಗುವ ಗಾಳಿ ತೀರ ಹಗುರ, ಒದೆತ ಸಾಲದು. ಮುಕ್ಕಾಲು ಪಾಲು ನೀರು ತುಂಬಿದರೆ ಭಾರ ಹೆಚ್ಚಿ, ಗಾಳಿಗೆ ಜಾಗ ಉಳಿಯದು. ನಡುವೆ ಎಲ್ಲೋ ಒಂದು ಹದವಿದೆ. ಹುಳಿಗೆ ಉಪ್ಪಿನ ಹದ ಹುಡುಕುವ ನಮಗೆ ಇದು ಹೊಸ ಮಾತಲ್ಲ: ಒಂದು ಸಲಕ್ಕೆ ಒಂದನ್ನೇ ಬದಲಿಸು, ಫಲ ನೋಡು, ಬರೆದಿಡು. ರಟ್ಟಿನ ಮೂರು ರೆಕ್ಕೆ ಅಂಟಿಸಿ, ಮೂತಿಗೆ ಜೇಡಿಮಣ್ಣಿನ ಸಣ್ಣ ಉಂಡೆ ಮೆತ್ತಿ. ಸಮತೂಕ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿದಾಗ ಮೂತಿ ಮುಂದಾಗಿ ಸುತ್ತಿದರೆ ಅದು ನೆಟ್ಟಗೆ ಹಾರುತ್ತದೆ. ಹಿಂದುಮುಂದಾದರೆ ರೆಕ್ಕೆ ದೊಡ್ಡದು ಮಾಡಬೇಕು, ಇಲ್ಲವೆ ಮೂತಿಯ ಭಾರ ಹೆಚ್ಚಿಸಬೇಕು. ಮೈಸೂರಿನ ಕಮ್ಮಾರರು ಬಿದಿರು ಗಳುವಿನಿಂದ ಸಾಧಿಸಿದ್ದು ಇದನ್ನೇ. ಎತ್ತರ ಅಳೆಯಲು ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರದಲ್ಲಿ ಒಂದು ಕಲ್ಲು ತೂಗಿಬಿಟ್ಟರೆ ಸಾಕು. ಬಾಟಲಿ ತುದಿ ಮುಟ್ಟಿದಾಗ ಕಣ್ಣಿನ ಓರೆ 45 ಡಿಗ್ರಿ ಆಗಿದ್ದರೆ, ನೀವು ಎಷ್ಟು ದೂರ ನಿಂತಿದ್ದೀರೋ ಅಷ್ಟು ಎತ್ತರ, ಅದರ ಮೇಲೆ ನಿಮ್ಮ ಕಣ್ಣಿನ ಎತ್ತರ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ತ್ರಿಕೋನಮಿತಿ ಅಂದು ಮೊದಲ ಸಲ ಉಪಯೋಗಕ್ಕೆ ಬರುತ್ತದೆ.

ಇದಕ್ಕೆಲ್ಲ ತಗಲುವುದು ಒಂದು ಖಾಲಿ ಬಾಟಲಿ, ಒಂದು ಬಿರಡೆ, ಒಂದು ತಂಬಿಗೆ ನೀರು. ಭಾನುವಾರದ ಒಂದು ಬೆಳಗು. ಹಾಗೂ ತಾಯಿಯ ಒಪ್ಪಿಗೆ. ಇವುಗಳಲ್ಲಿ ಕೊನೆಯದೇ ನಮ್ಮ ಕಡೆ ಹೆಣ್ಣು ಮಕ್ಕಳಿಗೆ ದುಬಾರಿಯಾಗಿರುವುದು. ಪಂಪು ಅಣ್ಣನ ಕೈಯಲ್ಲಿ, ನೀರು ತರುವ ಕೆಲಸ ತಂಗಿಗೆ ಎಂದಾದರೆ ಸುರುಸುರುಬತ್ತಿಯ ಪದ್ಧತಿಯೇ ಬಯಲಿಗೂ ಬಂದಂತಾಯಿತು. ಅವಳೂ ಪಂಪು ಒತ್ತಲಿ, ಹದ ಹುಡುಕಲಿ, ಅಳತೆ ಬರೆಯಲಿ, ಹಾರದಿದ್ದರೆ ಯಾಕೆ ಹಾರಲಿಲ್ಲವೆಂದು ತಲೆ ಕೆರೆದುಕೊಳ್ಳಲಿ. ಮೈ ನೆನೆದರೆ ನೆನೆಯಲಿ, ಒಣಗುತ್ತದೆ. ಬಳ್ಳಾರಿಯ ಬಿಸಿಲಿಗೆ ಎಷ್ಟು ಹೊತ್ತು?